ಮೆದುಳಿನ ಶಸ್ತ್ರಚಿಕಿತ್ಸೆಯಲ್ಲಿ ರಿಸ್ಕ್ ಸ್ಕೋರ್: ಸರಿಯಾಗಿ ಆರಿಸುವುದು, ಲೆಕ್ಕ ಹಾಕುವುದು, ಮನೆಯವರಿಗೆ ಹೇಳುವುದು

ರಾತ್ರಿ ಡ್ಯೂಟಿಯಲ್ಲಿ ಮೆದುಳಿನ ರಕ್ತಸ್ರಾವದ ರೋಗಿ ಬಂದರೆ ಎರಡು ಪ್ರಶ್ನೆ ಒಟ್ಟಿಗೇ ಎದುರಾಗುತ್ತವೆ. ಆಪರೇಷನ್ ಥಿಯೇಟರ್‌ನಿಂದ "ಕೇಸ್ ತಗೊಳ್ತೀವಾ?" ಅಂತ ಫೋನು. ಬಾಗಿಲ ಹೊರಗೆ ನಿಂತ ಮಗನಿಂದ "ಡಾಕ್ಟ್ರೇ, ಅಪ್ಪ ಉಳೀತಾರಾ?" ಅಂತ ಪ್ರಶ್ನೆ. ಮೊಬೈಲ್ ತೆಗೆದು ನಾಲ್ಕು ಅಂಕಿ ಒತ್ತಿದರೆ ರಿಸ್ಕ್ ಸ್ಕೋರ್ ಲೆಕ್ಕ ಹಾಕಿ ಸಾವಿನ ಸಂಭವದ ಶೇಕಡಾವಾರು ಬಂದುಬಿಡುತ್ತದೆ. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷಕ್ಕೆ ಮುಂಚೆ ಏನು ನೋಡಬೇಕು, ಆಮೇಲೆ ಏನು ಮಾಡಬೇಕು ಅನ್ನುವುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನ್ಯೂರೋಸರ್ಜರಿ, ಅರಿವಳಿಕೆ, ಐಸಿಯು ಕೆಲಸ ಕಲಿಯುತ್ತಿರುವ ಕಿರಿಯ ವೈದ್ಯರು ಮತ್ತು ನರ್ಸ್‌ಗಳಿಗಾಗಿ ಇದು. ರೋಗಿಯ ಮನೆಯವರು ಓದಿದರೂ ವೈದ್ಯರು ಹೇಳುವ ಸಂಖ್ಯೆ ಎಲ್ಲಿಂದ ಬರುತ್ತದೆ ಅಂತ ತಿಳಿಯುತ್ತದೆ.

ಹೆಜ್ಜೆ 1: ಮೊದಲು ಪ್ರಶ್ನೆ ಬರೆಯಿರಿ

ಪ್ರತಿ ಸ್ಕೋರ್ ಹುಟ್ಟಿದ್ದು ಒಂದು ನಿರ್ದಿಷ್ಟ ಪ್ರಶ್ನೆಗೆ ಉತ್ತರ ಹುಡುಕುವಾಗ. ಬೇರೆ ಪ್ರಶ್ನೆ ಕೇಳಿದರೂ ಅದು ತನ್ನ ಹಳೆಯ ಉತ್ತರವನ್ನೇ ಕೊಡುತ್ತದೆ, ತಪ್ಪು ಅಂತ ಎಚ್ಚರಿಸುವುದಿಲ್ಲ. ಹಾಗಾಗಿ ಲೆಕ್ಕಕ್ಕೆ ಕೈ ಹಾಕುವ ಮುಂಚೆ ಒಂದು ಚೀಟಿಯಲ್ಲಿ ಮೂರು ವಿಷಯ ಬರೆದುಕೊಳ್ಳಿ. ರೋಗಿಗೆ ಇರುವ ಕಾಯಿಲೆ ಯಾವುದು? ನಾನು ಲೆಕ್ಕ ಹಾಕುತ್ತಿರುವುದು ಯಾವ ಹೊತ್ತಿನಲ್ಲಿ: ಬಂದ ಕೂಡಲೇನಾ, ಆಪರೇಷನ್ ಮುಂಚೆಯಾ, ಐಸಿಯುಗೆ ಬಂದ ಮೇಲಾ? ಎಷ್ಟು ದಿನದೊಳಗಿನ ಸಾವಿನ ಬಗ್ಗೆ ಕೇಳುತ್ತಿದ್ದೇನೆ: 14 ದಿನ, 30 ದಿನ, 6 ತಿಂಗಳು?

ಈ ಮೂರೂ ಹೊಂದುವ ಸ್ಕೋರ್ ಸಿಕ್ಕರೆ ಮಾತ್ರ ಮುಂದುವರಿಯಿರಿ. ಒಂದು ತಪ್ಪಿದರೂ ಬರುವ ಸಂಖ್ಯೆ ನಿಮ್ಮ ರೋಗಿಯದ್ದಲ್ಲ.

ಹೆಜ್ಜೆ 2: ಕಾಯಿಲೆಗೆ ತಕ್ಕ ಸ್ಕೋರ್ ಆರಿಸಿ

ಮೆದುಳಿನೊಳಗೆ ತಾನಾಗಿಯೇ ರಕ್ತಸ್ರಾವವಾಗಿದ್ದರೆ ಐಸಿಎಚ್ ಸ್ಕೋರ್. 2001ರಲ್ಲಿ ಬಂದದ್ದು, 30 ದಿನದೊಳಗಿನ ಸಾವನ್ನು ಅಂದಾಜಿಸುತ್ತದೆ. ರಕ್ತನಾಳದ ಉಬ್ಬು ಒಡೆದು ಮೆದುಳಿನ ಸುತ್ತ ರಕ್ತ ಹರಡಿದ್ದರೆ 1968ರ ಹಂಟ್-ಹೆಸ್ ಶ್ರೇಣಿ ಅಥವಾ 1988ರ ಡಬ್ಲ್ಯುಎಫ್‌ಎನ್‌ಎಸ್ ಶ್ರೇಣಿ. ಎರಡರಲ್ಲಿ ನಾನು ಎರಡನೆಯದನ್ನೇ ಮೊದಲು ಹಿಡಿಯುತ್ತೇನೆ. ಅದು ಜಿಸಿಎಸ್ (ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್) ಅಂಕಿ ಮತ್ತು ಕೈಕಾಲಿನ ಬಲಹೀನತೆಯ ಮೇಲೆ ನಿಂತಿದೆ. ಹಂಟ್-ಹೆಸ್‌ನಲ್ಲಿ ತಲೆನೋವು "ಸ್ವಲ್ಪ"ನಾ "ಜಾಸ್ತಿ"ನಾ ಅಂತ ತೀರ್ಮಾನಿಸಬೇಕು. ಅಲ್ಲಿ ಒಬ್ಬರ ಉತ್ತರ ಇನ್ನೊಬ್ಬರದಕ್ಕೆ ಸುಲಭವಾಗಿ ತಾಳೆಯಾಗುವುದಿಲ್ಲ.

ತಲೆಗೆ ಪೆಟ್ಟು ಬಿದ್ದಿದ್ದರೆ ಎರಡು ದೊಡ್ಡ ಮಾದರಿಗಳಿವೆ, ಎರಡೂ 2008ರಲ್ಲಿ ಪ್ರಕಟವಾದವು. ಕ್ರ್ಯಾಶ್ ಮಾದರಿ 10,008 ರೋಗಿಗಳ ಮಾಹಿತಿಯಿಂದ ಬಂದದ್ದು. 14 ದಿನದೊಳಗಿನ ಸಾವನ್ನು ಹೇಳುತ್ತದೆ, 6 ತಿಂಗಳಿಗೆ ಸಾವು ಅಥವಾ ತೀವ್ರ ಅಂಗವೈಕಲ್ಯದ ಸಂಭವವನ್ನೂ ಹೇಳುತ್ತದೆ. ಇಂಪ್ಯಾಕ್ಟ್ ಮಾದರಿ 8,509 ರೋಗಿಗಳದ್ದು, ಜಿಸಿಎಸ್ 12 ಅಥವಾ ಅದಕ್ಕಿಂತ ಕಡಿಮೆ ಇರುವವರಿಗೆ 6 ತಿಂಗಳ ಅಂದಾಜು ಕೊಡುತ್ತದೆ. ಕ್ರ್ಯಾಶ್‌ನಲ್ಲಿ ಒಂದು ವಿಷಯವನ್ನು ತುಂಬಾ ಜನ ಗಮನಿಸುವುದಿಲ್ಲ: ಕ್ಯಾಲ್ಕುಲೇಟರ್ ಮೊದಲಿಗೇ ದೇಶ ಯಾವುದು ಅಂತ ಕೇಳುತ್ತದೆ. ಅದು ಸುಮ್ನೆ ಕೇಳುವುದಲ್ಲ. ಹೆಚ್ಚು ಆದಾಯದ ದೇಶಗಳಿಗೊಂದು, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಿಗೊಂದು, ಹೀಗೆ ಎರಡು ಬೇರೆ ಬೇರೆ ಸಮೀಕರಣ ಒಳಗಿವೆ. ಅದೇ ವಯಸ್ಸು, ಅದೇ ಪೆಟ್ಟು, ಆದರೆ ಉತ್ತರ ಬೇರೆ. ತಪ್ಪು ದೇಶ ಆರಿಸಿದರೆ ಪೂರ್ತಿ ಲೆಕ್ಕವೇ ದಾರಿ ತಪ್ಪುತ್ತದೆ.

ಮೊದಲೇ ದಿನ ನಿಗದಿಯಾದ ಗಡ್ಡೆಯ ಆಪರೇಷನ್‌ಗೆ ಚಿತ್ರವೇ ಬೇರೆ. ಅಲ್ಲಿ ಪ್ರಜ್ಞೆಯ ಮಟ್ಟಕ್ಕಿಂತ ವಯಸ್ಸು, ಅರಿವಳಿಕೆಗೆ ಮುಂಚೆ ರೋಗಿಯ ಒಟ್ಟು ಆರೋಗ್ಯಕ್ಕೆ ಕೊಡುವ ಎಎಸ್‌ಎ ದರ್ಜೆ, ರೋಗಿ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಾರಾ ಅನ್ನುವುದನ್ನು ಅಳೆಯುವ ಕಾರ್ನೋಫ್‌ಸ್ಕಿ ಅಂಕ, ಮತ್ತು ದೇಹ ಎಷ್ಟು ಕುಗ್ಗಿದೆ ಅನ್ನುವುದು ಮುಖ್ಯ. ಐದು ಅಂಶಗಳ ಫ್ರೇಲ್ಟಿ ಸೂಚ್ಯಂಕ ಇಲ್ಲಿ ಕೈಗೆ ಸುಲಭ: ಸಕ್ಕರೆ ಕಾಯಿಲೆ, ಔಷಧಿ ಬೇಕಾಗುವ ಬಿಪಿ, ಹೃದಯದ ವೈಫಲ್ಯ, ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಅಥವಾ ನ್ಯುಮೋನಿಯಾ, ದಿನನಿತ್ಯದ ಕೆಲಸಕ್ಕೆ ಬೇರೆಯವರ ಆಸರೆ. ಒಂದೊಂದಕ್ಕೆ ಒಂದು ಅಂಕ.

ಸಾಮಾನ್ಯ ಶಸ್ತ್ರಚಿಕಿತ್ಸೆಗೆಂದು ಮಾಡಿದ ಸ್ಕೋರ್‌ಗಳನ್ನು ಇಲ್ಲಿಗೆ ತರುವಾಗ ಎಚ್ಚರ ಬೇಕು. 1991ರ ಪಾಸಮ್ ಸ್ಕೋರ್ ತೆಗೆದುಕೊಳ್ಳಿ. ಅದರ ಪ್ರಶ್ನೆಗಳಲ್ಲಿ ಒಂದು, ಹೊಟ್ಟೆಯೊಳಗೆ ಕೀವು, ಮಲ ಅಥವಾ ರಕ್ತ ಹರಡಿದೆಯಾ ಅನ್ನುವುದು. ತಲೆಬುರುಡೆ ತೆರೆಯುವ ಆಪರೇಷನ್‌ಗೆ ಆ ಪ್ರಶ್ನೆಯ ಅರ್ಥವೇನು? "ಇಲ್ಲ" ಅಂತ ತುಂಬಿ ಮುಂದೆ ಹೋಗಬಹುದು, ಸಂಖ್ಯೆಯೂ ಬರುತ್ತದೆ. ಆದರೆ ಕಣ್ಣಿನ ಪಾಪೆ ಹಿಗ್ಗಿದೆಯಾ, ಮೆದುಳು ಪಕ್ಕಕ್ಕೆ ಸರಿದಿದೆಯಾ ಅಂತ ಅದು ಕೇಳುವುದೇ ಇಲ್ಲ. ರಕ್ತನಾಳಗಳ ಗೋಜಲಿಗೆ ಬಳಸುವ 1986ರ ಸ್ಪೆಟ್ಜ್ಲರ್-ಮಾರ್ಟಿನ್ ಶ್ರೇಣಿಯನ್ನೂ ಸಾವಿನ ಸ್ಕೋರ್ ಅಂತ ತಿಳಿಯಬೇಡಿ. ಆಪರೇಷನ್ ನಂತರ ನರಸಂಬಂಧಿ ತೊಂದರೆ ಎಷ್ಟು ಬರಬಹುದು ಅಂತ ಹೇಳಲು ಮಾಡಿದ್ದು ಅದು.

ಹೆಜ್ಜೆ 3: ಒಳಗೆ ಹಾಕುವ ಅಂಕಿಗಳನ್ನು ಕಣ್ಣಾರೆ ನೋಡಿ ತುಂಬಿ

ನನ್ನ ಪ್ರಕಾರ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಸ್ಕೋರ್‌ನ ಗಣಿತ ಎಷ್ಟೇ ಚೆನ್ನಾಗಿರಲಿ, ಹಾಸಿಗೆ ಪಕ್ಕ ನಿಂತು ನೋಡಿದ ಅಂಕಿ ಸರಿಯಿಲ್ಲದಿದ್ದರೆ ಎಲ್ಲ ವ್ಯರ್ಥ.

ಮೊದಲು ಜಿಸಿಎಸ್. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಕೊಟ್ಟ ಅಳತೆ ಇದು. ಕಣ್ಣಿಗೆ 4, ಮಾತಿಗೆ 5, ಚಲನೆಗೆ 6, ಒಟ್ಟು 3ರಿಂದ 15. ಕೇಸ್ ಶೀಟಿನಲ್ಲಿ ಬರೀ "ಜಿಸಿಎಸ್ 9" ಅಂತ ಬರೆಯಬೇಡಿ. "ಕಣ್ಣು 2, ಮಾತು 2, ಚಲನೆ 5" ಅಂತ ಬಿಡಿಸಿ ಬರೆಯಿರಿ. ಒಂಬತ್ತು ಅನ್ನುವ ಮೊತ್ತ ಹಲವು ರೀತಿಯಲ್ಲಿ ಬರುತ್ತದೆ, ಆ ರೋಗಿಗಳೆಲ್ಲ ಒಂದೇ ಥರ ಇರುವುದಿಲ್ಲ. ತಲೆಪೆಟ್ಟಿನ ಮಾದರಿಗಳಲ್ಲಿ ಚಲನೆಯ ಅಂಕಕ್ಕೆ ಬಹಳ ತೂಕ. 4ಕ್ಕೂ 5ಕ್ಕೂ ಇರುವ ವ್ಯತ್ಯಾಸವನ್ನು ಕೈಯಲ್ಲೇ ನೋಡಬಹುದು. ಹುಬ್ಬಿನ ಒಳತುದಿಯ ಮೂಳೆಯ ಅಂಚನ್ನು ಒತ್ತಿ. ರೋಗಿಯ ಕೈ ಕೊರಳೆಲುಬು ದಾಟಿ ನಿಮ್ಮ ಬೆರಳಿನ ಕಡೆಗೆ ಬಂದರೆ 5. ಮೊಣಕೈ ಬೇಗ ಮಡಚಿ ಅಲ್ಲೇ ನಿಂತರೆ 4.

ಇನ್ನು ಈ ಅಂಕ ಯಾವ ಹೊತ್ತಿನದು? ಫಿಟ್ಸ್ ಬಂದು ಈಗಷ್ಟೇ ನಿಂತಿದ್ದರೆ, ಬಿಪಿ ಕುಸಿದಿದ್ದರೆ, ರಕ್ತದಲ್ಲಿ ಸಕ್ಕರೆ ಇಳಿದಿದ್ದರೆ, ಕುಡಿದಿದ್ದರೆ ಆ ಕ್ಷಣದ ಜಿಸಿಎಸ್ ಮೆದುಳಿನ ನಿಜವಾದ ಸ್ಥಿತಿಗಿಂತ ಕೆಳಗಿರುತ್ತದೆ. ಮೊದಲು ಉಸಿರು, ಬಿಪಿ, ಸಕ್ಕರೆ ಸರಿಮಾಡಿ. ಆಮೇಲೆ ಅಳೆಯಿರಿ. ನಿದ್ರೆ ಬರಿಸುವ ಔಷಧಿ ಕೊಟ್ಟು ಉಸಿರಾಟದ ಟ್ಯೂಬ್ ಹಾಕಿದ್ದರೆ ಔಷಧಿಗೆ ಮುಂಚಿನ ಅಂಕವನ್ನು ಕರೆತಂದವರಿಂದ, ಟ್ಯೂಬ್ ಹಾಕಿದವರಿಂದ ಕೇಳಿ ಪಡೆಯಿರಿ. ಟ್ಯೂಬ್ ಇರುವವರ ಮಾತಿಗೆ "1" ಹಾಕುವುದು ಎಷ್ಟೋ ಕಡೆ ಅಭ್ಯಾಸ. ಅದು ಸರಿಯಲ್ಲ. "ಪರೀಕ್ಷಿಸಲಾಗಲಿಲ್ಲ" ಅಂತ ಬರೆಯುವುದೇ ಪ್ರಾಮಾಣಿಕ.

ಕಣ್ಣಿನ ಪಾಪೆ ನೋಡುವಾಗ ಟಾರ್ಚ್ ಬೆಳಕು ಜೋರಾಗಿರಲಿ, ಕೋಣೆಯ ದೀಪ ಕಡಿಮೆಯಿರಲಿ. ಹಳೆಯ ಪೊರೆ ಆಪರೇಷನ್ ಆಗಿತ್ತಾ, ಕಣ್ಣಿಗೇ ಪೆಟ್ಟಾಗಿದೆಯಾ, ಪಾಪೆ ಹಿಗ್ಗಿಸುವ ಹನಿ ಹಾಕಿದ್ದಾರಾ ಅಂತ ಕೇಳಿ. 2018ರಲ್ಲಿ ಬಂದ ಜಿಸಿಎಸ್-ಪಿ ಅಳತೆಯಲ್ಲಿ ಬೆಳಕಿಗೆ ಕುಗ್ಗದ ಪಾಪೆ ಎಷ್ಟಿವೆಯೋ ಅಷ್ಟನ್ನು ಜಿಸಿಎಸ್‌ನಿಂದ ಕಳೆಯುತ್ತಾರೆ. ಹಾಗಾಗಿ ಅದು 1ರಿಂದ 15. ಲೆಕ್ಕ ಸುಲಭ, ಆದರೆ ಪಾಪೆ ತಪ್ಪಾಗಿ ನೋಡಿದರೆ ಒಂದೇ ಏಟಿಗೆ ಎರಡು ಅಂಕ ಹೋಗುತ್ತದೆ.

ಹೆಜ್ಜೆ 4: ಲೆಕ್ಕ ಹಾಕಿ, ಅಂಚಿನಲ್ಲಿದ್ದರೆ ಮತ್ತೆ ಹಾಕಿ

ಒಂದು ಉದಾಹರಣೆ ಮಾಡಿಯೇ ನೋಡೋಣ. ವಯಸ್ಸು 66. ಮೆದುಳಿನ ಆಳದಲ್ಲಿ ರಕ್ತಸ್ರಾವ, ರಕ್ತ ಮೆದುಳಿನೊಳಗಿನ ದ್ರವ ತುಂಬಿದ ಕುಳಿಯಾದ ವೆಂಟ್ರಿಕಲ್‌ನೊಳಗೂ ಇಳಿದಿದೆ. ಜಿಸಿಎಸ್ 9.

ಐಸಿಎಚ್ ಸ್ಕೋರ್‌ನ ಅಂಕಗಳು ಹೀಗಿವೆ. ಜಿಸಿಎಸ್ 3-4 ಇದ್ದರೆ 2 ಅಂಕ, 5ರಿಂದ 12ಕ್ಕೆ 1, 13ರಿಂದ 15ಕ್ಕೆ 0. ರಕ್ತದ ಪ್ರಮಾಣ 30 ಮಿಲಿಲೀಟರ್ ಅಥವಾ ಜಾಸ್ತಿ ಇದ್ದರೆ 1. ವೆಂಟ್ರಿಕಲ್‌ನಲ್ಲಿ ರಕ್ತ ಇದ್ದರೆ 1. ರಕ್ತಸ್ರಾವ ಶುರುವಾದದ್ದು ಕಿರುಮೆದುಳು ಅಥವಾ ಮೆದುಳಿನ ಕಾಂಡದಲ್ಲಾದರೆ 1. ವಯಸ್ಸು 80 ಮುಟ್ಟಿದ್ದರೆ 1. ಒಟ್ಟು 0ರಿಂದ 6.

ಪ್ರಮಾಣ ಅಳೆಯಲು ಸಿಟಿ ಸ್ಕ್ಯಾನ್‌ನಲ್ಲಿ ರಕ್ತ ಅತಿ ದೊಡ್ಡದಾಗಿ ಕಾಣುವ ಸ್ಲೈಸ್ ಹುಡುಕಿ. ಅಲ್ಲಿ ಅತಿ ಉದ್ದದ ಅಳತೆ ಮೊದಲನೆಯದು, ಅದಕ್ಕೆ ಅಡ್ಡಲಾಗಿ 90 ಡಿಗ್ರಿಯಲ್ಲಿ ಇರುವ ಅಗಲ ಎರಡನೆಯದು. ಮೂರನೆಯದು ಎತ್ತರ: ಸ್ಲೈಸ್‌ಗಳ ಲೆಕ್ಕವನ್ನು ಒಂದು ಸ್ಲೈಸಿನ ದಪ್ಪದಿಂದ ಗುಣಿಸಬೇಕು. ಎಲ್ಲ ಸ್ಲೈಸನ್ನೂ ಒಂದೇ ಸಮ ಎಣಿಸಬೇಡಿ. ದೊಡ್ಡ ಸ್ಲೈಸಿನ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ರಕ್ತ ಕಂಡರೆ 1, ಕಾಲರಿಂದ ಮುಕ್ಕಾಲರವರೆಗೆ ಅರ್ಧ, ಕಾಲಿಗಿಂತ ಕಡಿಮೆ ಇದ್ದರೆ 0. ಮೂರು ಅಳತೆ ಗುಣಿಸಿ ಎರಡರಿಂದ ಭಾಗಿಸಿ.

ನಮ್ಮ ರೋಗಿಯಲ್ಲಿ ಉದ್ದ 5.5 ಸೆಂಮೀ, ಅಗಲ 4 ಸೆಂಮೀ. 5 ಮಿಮೀ ದಪ್ಪದ ಎಂಟು ಸ್ಲೈಸ್‌ಗಳಲ್ಲಿ ರಕ್ತ ಕಾಣುತ್ತದೆ: ಐದು ಪೂರ್ತಿ, ಎರಡು ಅರ್ಧ, ಒಂದು ಲೆಕ್ಕಕ್ಕಿಲ್ಲ. ಆರು ಸ್ಲೈಸ್, ಅಂದರೆ 3 ಸೆಂಮೀ. 5.5 × 4 × 3 ÷ 2 = 33 ಮಿಲಿಲೀಟರ್. ಜಿಸಿಎಸ್‌ಗೆ 1, ಪ್ರಮಾಣಕ್ಕೆ 1, ವೆಂಟ್ರಿಕಲ್‌ಗೆ 1. ಒಟ್ಟು 3. ಮೂಲ ಅಧ್ಯಯನದಲ್ಲಿ 3 ಅಂಕದವರಲ್ಲಿ ಶೇ 72ರಷ್ಟು ಜನ 30 ದಿನದೊಳಗೆ ತೀರಿಕೊಂಡಿದ್ದರು.

ಈಗ ಅದೇ ಸ್ಕ್ಯಾನ್ ಅನ್ನು ಇನ್ನೊಬ್ಬರು ಅಳೆದರು ಅಂದುಕೊಳ್ಳಿ. ಉದ್ದದಲ್ಲೂ ಅಗಲದಲ್ಲೂ ಮೂರು ಮೂರು ಮಿಲಿಮೀಟರ್ ಕಡಿಮೆ ಬಂತು. 5.2 × 3.7 × 3 ÷ 2 = ಸುಮಾರು 29 ಮಿಲಿಲೀಟರ್. ಸ್ಕೋರ್ 2. ಮೂಲ ಅಧ್ಯಯನದ ಅಂದಾಜು ಶೇ 26. ರೋಗಿ ಅದೇ, ರಕ್ತ ಅದೇ. ಗೆರೆ ಎಳೆದ ಕೈ ಮಾತ್ರ ಬೇರೆ. 72 ಎಲ್ಲಿ, 26 ಎಲ್ಲಿ! ಇದನ್ನು ಒಂದು ಸಲ ನೀವೇ ಕಾಗದದ ಮೇಲೆ ಮಾಡಿ ನೋಡಿ. ಆಮೇಲೆ "ಶೇ 72" ಅಂತ ಹೇಳುವಾಗ ದನಿ ತಾನಾಗಿಯೇ ಮೆತ್ತಗಾಗುತ್ತದೆ. ಅಂಕಿ ಗಡಿಯ ಹತ್ತಿರ ಇದ್ದರೆ ಇನ್ನೊಬ್ಬರಿಂದ ಅಳೆಸಿ, ಎರಡೂ ಸ್ಕೋರ್ ಬರೆದಿಡಿ.

ಹೆಜ್ಜೆ 5: ಶೇಕಡಾವಾರಿನ ಹಿಂದೆ ಎಷ್ಟು ಜನ ಇದ್ದರು ಅಂತ ನೋಡಿ

ಐಸಿಎಚ್ ಸ್ಕೋರ್ ಹುಟ್ಟಿದ್ದು 152 ರೋಗಿಗಳಿಂದ. 3 ಅಂಕದವರು 32 ಜನ. ಅಷ್ಟೇ ಜನರಿಂದ ಬಂದ ಶೇ 72ರ ನಿಜವಾದ ಬೆಲೆ ಸುಮಾರು 55ರಿಂದ 85ರವರೆಗೆ ಎಲ್ಲಿ ಬೇಕಾದರೂ ಇರಬಹುದು. 5 ಅಂಕದವರಲ್ಲಿ ಶೇ 100 ಸಾವು ಅಂತ ಓದಿದಾಗ ಎದೆ ಧಸಕ್ಕೆನ್ನುತ್ತದೆ. ಆದರೆ ಆ ಗುಂಪಿನಲ್ಲಿ ಇದ್ದದ್ದು ಆರೇ ಜನ. ಆರರಲ್ಲಿ ಆರು ಸಾವು ಅಂದರೆ ನಿಜವಾದ ಪ್ರಮಾಣ ಶೇ 54ರಷ್ಟಿದ್ದರೂ ಆಶ್ಚರ್ಯವಿಲ್ಲ ಅಂತ ಗಣಿತ ಹೇಳುತ್ತದೆ. ಹಾಗೆಯೇ 0 ಅಂಕದ 26 ಜನರಲ್ಲಿ ಯಾರೂ ಸಾಯಲಿಲ್ಲ. ಯಾರೂ ಸಾಯದಿದ್ದಾಗ 3ನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸಿದರೆ ಮೇಲಿನ ಮಿತಿ ಸಿಗುತ್ತದೆ. 3 ÷ 26, ಅಂದರೆ ಶೇ 11ರಿಂದ 12. "ಏನೂ ಆಗಲ್ಲ" ಅಂತ ಹೇಳುವಷ್ಟು ಧೈರ್ಯ ಆ ಸೊನ್ನೆಯಲ್ಲಿಲ್ಲ.

ಅಧ್ಯಯನ ಎಷ್ಟು ಹಳೆಯದು ಅನ್ನುವುದನ್ನೂ ನೋಡಿ. ಇಂಪ್ಯಾಕ್ಟ್ ಮಾದರಿಯ ರೋಗಿಗಳು 1984ರಿಂದ 1997ರ ನಡುವಿನ ಅಧ್ಯಯನಗಳವರು. ಆಮೇಲೆ ಸ್ಕ್ಯಾನ್, ಐಸಿಯು, ಆಂಬುಲೆನ್ಸ್ ಎಲ್ಲವೂ ಬದಲಾಗಿವೆ.

ಇನ್ನೊಂದು ಸಂಗತಿ ನನಗೆ ಇವೆಲ್ಲಕ್ಕಿಂತ ಮುಖ್ಯ. ಆ ಹಳೆಯ ಗುಂಪುಗಳಲ್ಲಿ ತೀರಿಕೊಂಡವರಲ್ಲಿ ಕೆಲವರಿಗೆ "ಇನ್ನು ಪ್ರಯೋಜನವಿಲ್ಲ" ಅಂತ ಚಿಕಿತ್ಸೆಯನ್ನೇ ನಿಲ್ಲಿಸಿದ್ದಿರಬಹುದು. ಆ ಸಾವುಗಳೂ ಸ್ಕೋರ್‌ನೊಳಗೆ ಸೇರಿಕೊಳ್ಳುತ್ತವೆ. ನಾಳೆ ನಾವು ಅದೇ ಸ್ಕೋರ್ ನೋಡಿ ಚಿಕಿತ್ಸೆ ನಿಲ್ಲಿಸಿದರೆ ರೋಗಿ ಹೋಗುತ್ತಾರೆ, ಸ್ಕೋರ್ ಮತ್ತೆ "ಸರಿ" ಅನಿಸಿಕೊಳ್ಳುತ್ತದೆ. ಇದಕ್ಕೇ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮತ್ತು ಅಮೆರಿಕನ್ ಸ್ಟ್ರೋಕ್ ಅಸೋಸಿಯೇಷನ್‌ನ 2022ರ ಮಾರ್ಗಸೂಚಿ, ಮೊದಲೇ ಇಂಥ ಇಚ್ಛೆ ತಿಳಿಸಿರದ ರೋಗಿಗಳಲ್ಲಿ ಹೊಸದಾಗಿ ಚಿಕಿತ್ಸೆ ಮಿತಿಗೊಳಿಸುವ ತೀರ್ಮಾನವನ್ನು ಕನಿಷ್ಠ ಎರಡನೇ ಪೂರ್ಣ ದಿನದವರೆಗೆ ಮುಂದೂಡಲು ಹೇಳುತ್ತದೆ. ಸ್ಕೋರ್ ಒಂದನ್ನೇ ಹಿಡಿದು ಚಿಕಿತ್ಸೆ ನಿಲ್ಲಿಸಬಾರದು ಅಂತಲೂ ಹೇಳುತ್ತದೆ.

ಹೆಜ್ಜೆ 6: "ಆಪರೇಷನ್ ಮಾಡಬೇಕಾ?" ಅಂತ ಸ್ಕೋರನ್ನು ಕೇಳಬೇಡಿ

ಸಾವಿನ ಸಂಭವ ಎಷ್ಟು ಅನ್ನುವುದು ಒಂದು ಪ್ರಶ್ನೆ. ಆಪರೇಷನ್ ಮಾಡಿದರೆ ಅದು ಇಳಿಯುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಚಿಕಿತ್ಸಾ ಪ್ರಯೋಗಗಳಲ್ಲಿದೆ. 2005ರ ಸ್ಟಿಚ್ ಪ್ರಯೋಗದಲ್ಲಿ ಸಾವಿರಕ್ಕೂ ಹೆಚ್ಚು ರಕ್ತಸ್ರಾವದ ರೋಗಿಗಳಿದ್ದರು. ಬೇಗ ಆಪರೇಷನ್ ಮಾಡಿದ್ದರಿಂದ ಒಟ್ಟಾರೆಯಾಗಿ ಹೆಚ್ಚಿನ ಲಾಭ ಕಾಣಲಿಲ್ಲ. ಅಂದರೆ ರಿಸ್ಕ್ ಜಾಸ್ತಿ ಇದೆ ಅನ್ನುವ ಕಾರಣಕ್ಕೇ ಆಪರೇಷನ್‌ನಿಂದ ಲಾಭವೂ ಜಾಸ್ತಿ ಅಂತ ಊಹಿಸುವ ಹಾಗಿಲ್ಲ.

ಬದುಕುವುದು ಮತ್ತು ಚೇತರಿಸಿಕೊಳ್ಳುವುದು ಕೂಡ ಒಂದೇ ಅಲ್ಲ. ತಲೆಪೆಟ್ಟಿನಲ್ಲಿ ಮೆದುಳಿನ ಒತ್ತಡ ಇಳಿಸಲು ತಲೆಬುರುಡೆಯ ಒಂದು ಭಾಗ ತೆಗೆಯುವ ಆಪರೇಷನ್ ಬಗ್ಗೆ 2016ರಲ್ಲಿ ರೆಸ್ಕ್ಯೂ-ಐಸಿಪಿ ಪ್ರಯೋಗ ಬಂತು. 6 ತಿಂಗಳಿಗೆ ಆಪರೇಷನ್ ಆದವರಲ್ಲಿ ಸಾವು ಶೇ 26.9, ಔಷಧಿ ಚಿಕಿತ್ಸೆಯವರಲ್ಲಿ ಶೇ 48.9. ದೊಡ್ಡ ವ್ಯತ್ಯಾಸ. ಆದರೆ ಸುತ್ತಲಿನ ಅರಿವೇ ಇಲ್ಲದೆ ಉಳಿದವರು ಆಪರೇಷನ್ ಗುಂಪಿನಲ್ಲಿ ಶೇ 8.5, ಇನ್ನೊಂದರಲ್ಲಿ ಶೇ 2.1. ಸಾವಿನ ಸ್ಕೋರ್ ಈ ಎರಡನೇ ಸಾಲನ್ನು ತೋರಿಸುವುದೇ ಇಲ್ಲ.

ಹೆಜ್ಜೆ 7: ಮನೆಯವರ ಜೊತೆ ಮಾತು

ಕೂತು ಮಾತಾಡಿ. ಮೊಬೈಲ್ ಪರದೆ ತೋರಿಸಬೇಡಿ. ಶೇಕಡಾ ಅನ್ನುವುದಕ್ಕಿಂತ "ನೂರು ಜನರಲ್ಲಿ" ಅನ್ನುವುದು ಬೇಗ ಮನಸ್ಸಿಗೆ ಹೋಗುತ್ತದೆ. ಎರಡೂ ಕಡೆ ಹೇಳಿ. ಸಾವಿನ ಸಂಖ್ಯೆ ಮಾತ್ರ ಹೇಳಿದರೆ ಹೆದರಿಸಿದ ಹಾಗೆ, ಬದುಕಿದವರದ್ದು ಮಾತ್ರ ಹೇಳಿದರೆ ಮರೆಮಾಚಿದ ಹಾಗೆ. ಹೀಗೆ ಹೇಳಬಹುದು:

"ನಿಮ್ಮ ಅಪ್ಪನವರ ಸ್ಥಿತಿ ಗಂಭೀರವಾಗಿದೆ. ಇಂಥದ್ದೇ ಸ್ಥಿತಿಯಲ್ಲಿ ಬಂದ ನೂರು ಜನರನ್ನು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಜನ, ಬಹುಶಃ ಎಪ್ಪತ್ತರಷ್ಟು, ಒಂದು ತಿಂಗಳೊಳಗೆ ತೀರಿಕೊಂಡಿದ್ದಾರೆ. ಸುಮಾರು ಮೂವತ್ತು ಜನ ಉಳಿದಿದ್ದಾರೆ. ಅಪ್ಪ ಯಾರ ಜೊತೆ ಸೇರ್ತಾರೆ ಅಂತ ಇವತ್ತು ನನಗೆ ಹೇಳೋಕಾಗಲ್ಲ. ಮುಂದಿನ ಎರಡು ದಿನ ನೋಡಿದರೆ ಇನ್ನೂ ಸ್ವಲ್ಪ ಗೊತ್ತಾಗುತ್ತೆ."

ಆಮೇಲೆ ಸುಮ್ಮನಿರಿ. ಮಗಳು "ಎದ್ದು ಓಡಾಡ್ತಾರಾ ಸಾರ್?" ಅಂತ ಕೇಳಿದರೆ, ಈ ಲೆಕ್ಕ ಅದನ್ನು ಹೇಳುವುದಿಲ್ಲ ಅಂತ ನೇರವಾಗಿ ಹೇಳಿ. ಯಾವ ಭಾಗಕ್ಕೆ ಹಾನಿಯಾಗಿದೆ, ಅದು ಮಾಡುವ ಕೆಲಸವೇನು ಅಂತ ವಿವರಿಸಿ. ಆಮೇಲೆ ನೀವೂ ಒಂದು ಪ್ರಶ್ನೆ ಕೇಳಿ: "ಅಪ್ಪ ಇಂಥ ಪರಿಸ್ಥಿತಿ ಬಗ್ಗೆ ಯಾವತ್ತಾದರೂ ಮಾತಾಡಿದ್ರಾ? ಅವರಿಗೆ ಏನು ಮುಖ್ಯ ಆಗಿತ್ತು?" ಆಪರೇಷನ್ ತೀರ್ಮಾನಕ್ಕೆ ಸ್ಕೋರ್‌ನಷ್ಟೇ ಇದೂ ಬೇಕು.

ಮಾತು ಮುಗಿದ ಮೇಲೆ ಕೇಸ್ ಶೀಟಿನಲ್ಲಿ ಬರೆಯಿರಿ: ಯಾವ ಸ್ಕೋರ್, ಎಷ್ಟು ಗಂಟೆಗೆ, ಯಾವ ಯಾವ ಅಂಕಿ, ಮನೆಯವರಿಗೆ ಏನು ಹೇಳಿದ್ದು. ಬೆಳಿಗ್ಗೆ ಬರುವ ತಂಡ ಬೇರೆ ಸಂಖ್ಯೆ ಹೇಳಿದರೆ ಮನೆಯವರಿಗೆ ಇಬ್ಬರ ಮೇಲೂ ನಂಬಿಕೆ ಹೋಗುತ್ತದೆ.

ಹೆಜ್ಜೆ 8: ನಿಮ್ಮ ವಿಭಾಗದಲ್ಲಿ ಸ್ಕೋರ್ ನಿಜವಾಗುತ್ತಿದೆಯಾ?

ಒಂದು ಸ್ಕೋರ್ ಒಳ್ಳೆಯದು ಅನ್ನಲು ಅಧ್ಯಯನಗಳು ಸಾಮಾನ್ಯವಾಗಿ ಎಯುಸಿ ಅನ್ನುವ ಅಂಕಿ ಕೊಡುತ್ತವೆ. ತೀರಿಕೊಂಡ ಒಬ್ಬರು, ಬದುಕಿದ ಒಬ್ಬರು, ಹೀಗೆ ಜೋಡಿ ಮಾಡಿದರೆ ಎಷ್ಟು ಸಲ ತೀರಿಕೊಂಡವರಿಗೆ ಜಾಸ್ತಿ ಸ್ಕೋರ್ ಇತ್ತು ಅನ್ನುವ ಲೆಕ್ಕ ಅದು. 0.5 ಅಂದರೆ ನಾಣ್ಯ ಚಿಮ್ಮಿದ ಹಾಗೆ, 1 ಅಂದರೆ ಒಂದೂ ತಪ್ಪಿಲ್ಲ. ಆದರೆ ಎಲ್ಲರ ರಿಸ್ಕನ್ನೂ ಅರ್ಧ ಮಾಡಿಬಿಟ್ಟರೂ ಎಯುಸಿ ಬದಲಾಗುವುದಿಲ್ಲ, ಯಾಕೆಂದರೆ ಸಾಲಿನ ಕ್ರಮ ಅದೇ ಇರುತ್ತದೆ. ಮನೆಯವರಿಗೆ ಹೇಳುವ "ನೂರರಲ್ಲಿ ಎಷ್ಟು" ಸರಿಯಿದೆಯಾ ಅಂತ ತಿಳಿಯಲು ಬೇರೆ ಪರೀಕ್ಷೆ ಬೇಕು.

ಅದಕ್ಕೆ ಒಂದು ರಿಜಿಸ್ಟರ್ ಸಾಕು. ಪ್ರತಿ ರೋಗಿಯ ಅಂದಾಜು ಒಂದು ಕಾಲಂನಲ್ಲಿ, 30ನೇ ದಿನ ಬದುಕಿದ್ದರಾ ಅನ್ನುವುದು ಇನ್ನೊಂದರಲ್ಲಿ. ಡಿಸ್ಚಾರ್ಜ್ ಆದವರಿಗೆ ಫೋನ್ ಮಾಡಿ ಕೇಳಲೇಬೇಕು, ಇಲ್ಲದಿದ್ದರೆ ಮನೆಗೆ ಹೋಗಿ ತೀರಿಕೊಂಡವರೂ ಬದುಕಿದವರ ಲೆಕ್ಕಕ್ಕೆ ಸೇರುತ್ತಾರೆ. ವರ್ಷದ ಕೊನೆಗೆ ಅಂದಾಜುಗಳನ್ನೆಲ್ಲ ಕೂಡಿಸಿ. 40 ರೋಗಿಗಳ ಮೊತ್ತ 9.2 ಬಂತು, ನಿಜವಾಗಿ ತೀರಿಕೊಂಡವರು 14 ಅಂತಿಟ್ಟುಕೊಳ್ಳಿ. 14 ÷ 9.2, ಅಂದರೆ ನಿರೀಕ್ಷೆಯ ಒಂದೂವರೆ ಪಟ್ಟು. ಗಾಬರಿಯಾಗಬೇಡಿ. ಇಷ್ಟು ಸಣ್ಣ ಸಂಖ್ಯೆಯಲ್ಲಿ 14ರ ಹಿಂದಿನ ನಿಜವಾದ ಬೆಲೆ ಸುಮಾರು 8ರಿಂದ 23ರವರೆಗೆ ಇರಬಹುದು, 9.2 ಅದರೊಳಗೇ ಇದೆ. ಹಾಗಂತ ರಿಜಿಸ್ಟರ್ ಮುಚ್ಚಿಡುವುದೂ ಬೇಡ. ಆ 14 ಕೇಸ್ ಶೀಟ್‌ಗಳನ್ನು ತೆಗೆದು ಮೊದಲು ಜಿಸಿಎಸ್ ಬರೆದ ಹೊತ್ತನ್ನು, ಸ್ಕ್ಯಾನ್ ಅಳತೆಯನ್ನು ಮತ್ತೆ ನೋಡಿ. ಅಂಕಿಗಳು ಸರಿಯಿದ್ದರೆ ರೋಗಿ ಬಂದ ಹೊತ್ತಿಗೂ ಆಪರೇಷನ್ ಶುರುವಾದ ಹೊತ್ತಿಗೂ ಎಷ್ಟು ಅಂತರ ಅಂತ ಪಕ್ಕದಲ್ಲಿ ಬರೆಯುತ್ತಾ ಹೋಗಿ. ಎರಡನೇ ವರ್ಷವೂ ಅನುಪಾತ ಹಾಗೇ ಉಳಿದರೆ ಆ ಸ್ಕೋರ್‌ನ ಶೇಕಡಾವಾರನ್ನು ಮನೆಯವರಿಗೆ ಹೇಳುವುದು ನಿಲ್ಲಿಸಿ. ನಿಮ್ಮದೇ ರಿಜಿಸ್ಟರ್‌ನಲ್ಲಿ ಅದೇ ಅಂಕದವರಿಗೆ ಏನಾಯಿತೋ ಅದನ್ನು, ಎಷ್ಟು ಜನರ ಅನುಭವ ಅದು ಅನ್ನುವುದರ ಜೊತೆಗೇ ಹೇಳಿ.